ಹುಳದ ಮನೆಯ ಮೊದಲ ಬೆಳೆ

ಹೋದ ತಿಂಗಳು ಹಿಂದೂಪುರದಲ್ಲಿ ಮದುವೆ ಊಟ ಮುಗಿಸಿ ಗೋರಂಟ್ಲದ ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತಿದ್ದೆವಲ್ಲ, ಆಗ ನಾನು ಇದ್ದಕ್ಕಿದ್ದಂತೆ ಎದ್ದು ಹೋಗಿ ಒಂದು ಗೋಡೆಯ ಪಕ್ಕ ನಿಂತೆ. ಅಜ್ಜಿಗೆ ತಲೆ ಸುತ್ತಿತು ಅಂದುಕೊಂಡು ನೀವು ನೀರು ತಂದಿರಿ. ತಲೆ ಸುತ್ತಿರಲಿಲ್ಲ. ಆ ಗೋಡೆಯಾಚೆ ಯಾರೋ ಬಿದಿರು ತಟ್ಟೆಗಳನ್ನು ತೊಳೆದು ಬಿಸಿಲಿಗೆ ಇಟ್ಟಿದ್ದರು. ಬಾಡಿದ ಹಿಪ್ಪುನೇರಳೆ ಸೊಪ್ಪು, ರೇಷ್ಮೆ ಹುಳದ ಹಿಕ್ಕೆ, ಒದ್ದೆ ಬಿದಿರು, ಇವು ಮೂರೂ ಸೇರಿದ ವಾಸನೆ. ಅದು ಮೂಗಿಗೆ ಬಡಿದ ಕೂಡಲೇ ನನ್ನ ಕಾಲು ತಾನಾಗಿ ಆ ಕಡೆ ಹೋಯಿತು, ಹೊಟ್ಟೆ ಮಾತ್ರ ಹಿಂದಕ್ಕೆ ಎಳೆಯಿತು. ಎರಡೂ ಒಟ್ಟಿಗೇ ಆಯಿತು.

ಅದೇ ಸಂಜೆ ಮನೆಗೆ ಬಂದ ಮೇಲೆ ಪುಟ್ಟಿ ಬಚ್ಚಲಲ್ಲಿ ಜೇಡ ಕಂಡು ಕಿರುಚಿಕೊಂಡು ಓಡಿ ಬಂದಳು. "ಅಜ್ಜೀ, ನೀನೇ ಓಡಿಸು, ನೀನು ರೇಷ್ಮೆ ಸಾಕಿದವಳು, ನಿನಗೆ ಯಾವ ಹುಳದ ಭಯವೂ ಇಲ್ಲ" ಅಂದಳು. ನಾನು ನಕ್ಕು ಸುಮ್ಮನಾದೆ. ನನಗೆ ಎದುರಿಗೆ ನಿಂತು ಮಾತಾಡಲು ಬರುವುದಿಲ್ಲ, ನಿಮಗೆ ಗೊತ್ತು. ಕಲ್ಯಾಣದುರ್ಗದ ಶಾಲೆಯಲ್ಲಿ ನಾಲ್ಕನೇ ತರಗತಿವರೆಗೆ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ತವರು ಕಲ್ಯಾಣದುರ್ಗ. ಆಗ ನಮ್ಮ ಊರುಗಳೆಲ್ಲ ಮದರಾಸು ಸರ್ಕಾರಕ್ಕೆ ಸೇರಿದ್ದವು. ಸುತ್ತ ಕಲ್ಲುಗುಡ್ಡ, ಕಡಲೆಕಾಯಿ ಹೊಲ. ಕಲ್ಲೆತ್ತಿದರೆ ಚೇಳು, ಮಣ್ಣು ಕೆದಕಿದರೆ ಜರಿ. ಅವುಗಳ ಭಯ ನನಗೆ ಅಷ್ಟಿರಲಿಲ್ಲ. ಅವು ಕಚ್ಚುತ್ತವೆ, ದೂರ ಇರಬೇಕು, ಅದರಲ್ಲಿ ಗೊಂದಲವಿಲ್ಲ. ಜೇಡ ಹಾಗಲ್ಲ. ಅದು ಏನೂ ಮಾಡುವುದಿಲ್ಲ, ಗೋಡೆಯ ಮೇಲೆ ಅಲುಗದೆ ಕೂತಿರುತ್ತದೆ. ಏನೂ ಮಾಡದಿರುವುದಕ್ಕೆ ಹೇಗೆ ಹೆದರದಿರುವುದು ಎಂದು ನನಗೆ ಯಾರೂ ಹೇಳಿಕೊಡಲಿಲ್ಲ.

ಸಣ್ಣವಳಿದ್ದಾಗ ಕಡಲೆಕಾಯಿ ಮೂಟೆಗಳ ಕೋಣೆಯಲ್ಲಿ ಅಂಗೈಯಷ್ಟು ದೊಡ್ಡ ಜೇಡ ಕಂಡಿದ್ದೆ. ಹೊಟ್ಟೆಯ ಕೆಳಗೆ ಬಿಳಿ ಬಿಲ್ಲೆಯೊಂದನ್ನು ಅವಚಿಕೊಂಡಿತ್ತು. ಪೊರಕೆಯಲ್ಲಿ ಹೊಡೆದೆ. ಬಿಲ್ಲೆ ಒಡೆದು, ರಾಗಿ ಕಾಳು ಚೆಲ್ಲಿದ ಹಾಗೆ ಮರಿಗಳು ಚೆಲ್ಲಿ ನನ್ನ ಲಂಗದ ಮೇಲೆ ಹತ್ತಿದವು. ಅವತ್ತಿನಿಂದ ಜೇಡ ಇದ್ದ ಕೋಣೆಯಲ್ಲಿ ನಾನು ಕೂತು ಉಂಡವಳಲ್ಲ.

ಆದರೆ ಕೇಳಿ. ಆರಿದ್ರೆ ಮಳೆ ಬಿದ್ದ ಮಾರನೆಯ ದಿನ ನಮ್ಮ ಹೊಲದ ಒದ್ದೆ ಮಣ್ಣಿನ ಮೇಲೆ ಕೆಂಪು ಮಕಮಲ್ಲಿನ ಚೂರಿನಂಥ ಹುಳಗಳು ಏಳುತ್ತಿದ್ದವು. ತೆಲುಗಿನವರು ಅದನ್ನು ಆರುದ್ರ ಪುರುಗು ಅನ್ನುತ್ತಾರೆ. ಬೆಂಕಿಪೊಟ್ಟಣದ ತುಂಬ ಅವನ್ನು ಹಿಡಿದು, ಮೊಣಕೈವರೆಗೆ ಹತ್ತಿಸಿಕೊಂಡು, ಕೆನ್ನೆಗೆ ಒತ್ತಿಕೊಂಡು ಆಡುತ್ತಿದ್ದವಳೂ ನಾನೇ. ಅದೂ ಜೇಡದ ಸಂಬಂಧವೇ, ಅದಕ್ಕೂ ಎಂಟು ಕಾಲು ಎಂದು ಎಷ್ಟೋ ವರ್ಷದ ಮೇಲೆ ನಿಮ್ಮಪ್ಪ ಪುಸ್ತಕದಲ್ಲಿ ಓದಿ ಹೇಳಿದಾಗ ನಾನು ನಂಬಲಿಲ್ಲ. ಈಗಲೂ ಪೂರ್ತಿ ನಂಬಿಲ್ಲ.

ಹಿಂದೂಪುರದ ಕಡೆಯ ಸಂಬಂಧ ಬಂದಾಗ "ರೇಷ್ಮೆ ಮಾಡುವ ಮನೆ" ಅಂದರು. ನಮ್ಮ ಕಡೆ ಆ ಕಸುಬು ಇರಲಿಲ್ಲ. "ಪಟ್ಟೆ ಸೀರೆ ಉಟ್ಕಂಡು ಮಾರಾಣಿ ಆಗಿರ್ತೀಯ ಬಿಡು" ಎಂದು ಅವ್ವ ಗಲ್ಲ ಹಿಂಡಿದಳು. ಹುಳದ ವಿಷಯ ಅಪ್ಪನಿಗೆ ಗೊತ್ತಿತ್ತು. ಹೇಳಿದರೆ ನಾನು ಅತ್ತೇನು ಎಂದು ಹೇಳಲಿಲ್ಲ. ಆಷಾಢ ಕಳೆದು ಶ್ರಾವಣದಲ್ಲಿ ನನ್ನನ್ನು ಗಂಡನ ಮನೆಗೆ ಕಳಿಸಿದರು.

ಮನೆ ಹಿಂದೂಪುರದ ಅಂಚಿನಲ್ಲಿತ್ತು. ಹಿಂದೆಯೇ ಹಿಪ್ಪುನೇರಳೆ ತೋಟ. ಮಾವ ತೀರಿಕೊಂಡಿದ್ದರು. ಅತ್ತೆಯೇ ಯಜಮಾನಿಕೆ ನಡೆಸುತ್ತಿದ್ದರು. ಅವರ ಮಗಳು ಪಾರ್ವತಿ ನನ್ನ ಓರಗೆಯವಳು. ಮಗ ನಿಮ್ಮ ತಾತ. ಅವರ ಹೆಸರು ಬರೆಯುವುದಿಲ್ಲ, ಕೈ ಬರುವುದಿಲ್ಲ.

ಹೊಸಿಲು ದಾಟಿ ಕೂತ ಗಳಿಗೆಯಲ್ಲಿ ಒಳಗಿನಿಂದ ತುಂತುರು ಮಳೆಯ ಸದ್ದು ಕೇಳಿತು. ಅಂಗಳದಲ್ಲಿ ಸೀರೆ ಒಣಗಲು ಹಾಕಿದ್ದಾರಲ್ಲ, ನೆನೆಯುತ್ತದೆ ಎಂದು ಎದ್ದು ಹೊರಗೆ ಓಡಿದೆ. ಹೊರಗೆ ಸುಡು ಬಿಸಿಲು. ಒಳಗೆ ಬಂದೆ, ಮತ್ತೆ ಮಳೆ.

"ಯಾಕತ್ತಿಗೆ, ಒಳಿಕೂ ಹೊರಿಕೂ ತಿರುಗ್ತಾ ಇದ್ದೀಯ?" ಎಂದು ಪಾರ್ವತಿ ಕೇಳಿದಳು.

"ಮಳೆ ಬತ್ತಾ ಐತೆ."

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಬಾ, ಮಳೆ ತೋರಿಸ್ತೀನಿ" ಎಂದು ನಡುಮನೆಗೆ ಕರೆದುಕೊಂಡು ಹೋಗಿ, ಅಟ್ಟಣೆಯ ಮೇಲಿನ ತಟ್ಟೆಯೊಂದನ್ನು ಎಳೆದಳು. ಸೊಪ್ಪಿನ ಮೇಲೆ ಬಿಳಿ ಹುಳಗಳು, ಒಂದರ ಮೇಲೊಂದು, ಎಲ್ಲವೂ ತಿನ್ನುತ್ತಿದ್ದವು. ಮಳೆಯ ಸದ್ದು ಅವುಗಳ ಬಾಯಿಯದು. ಗೋಡೆಯುದ್ದಕ್ಕೂ ಅಂಥ ತಟ್ಟೆಗಳು, ನೆಲದಿಂದ ತೊಲೆಯವರೆಗೆ. ಕೆಳಗೆ ಚಾಪೆ ಸುತ್ತಿಟ್ಟಿತ್ತು. ಅಲ್ಲೇ ಎಲ್ಲರೂ ಮಲಗುವುದು ಎಂದು ಆಮೇಲೆ ತಿಳಿಯಿತು. ನಾನು ಹಿತ್ತಲಿಗೆ ಓಡಿ ವಾಂತಿ ಮಾಡಿದೆ. ಹೊಸ ಸೊಸೆ ಬಂದ ದಿನವೇ ವಾಂತಿ ಮಾಡಿದಳೆಂದು ಪಕ್ಕದ ಮನೆಯವರು ಏನೇನೋ ಅಂದುಕೊಂಡರಂತೆ.

ಆ ಮನೆಯ ಕಟ್ಟಳೆಗಳು ನನಗೆ ತಲೆಬುಡ ತಿಳಿಯಲಿಲ್ಲ. ಹುಳ ತಟ್ಟೆಯಲ್ಲಿರುವಷ್ಟು ದಿನ ಸಾಸಿವೆ ಒಗ್ಗರಣೆ ಇಲ್ಲ. ತಲೆಗೆ ವಾಸನೆ ಎಣ್ಣೆ ಇಲ್ಲ. ಬೀಡಿ ಸೇದಿದವರು ಒಳಗೆ ಬರುವಂತಿಲ್ಲ. ಹುಳ ಪೊರೆ ಬಿಡುವಾಗ ಅಲುಗದೆ ತಲೆಯೆತ್ತಿ ಮಲಗುತ್ತವೆ. ಅದಕ್ಕೆ ಜ್ವರ ಅನ್ನುತ್ತಾರೆ. ಜ್ವರ ಬಂದಾಗ ಸೊಪ್ಪು ಹಾಕಬಾರದು, ಜೋರಾಗಿ ಮಾತಾಡಬಾರದು. ಮಗುವನ್ನು ಮಲಗಿಸಿದ ಮನೆಯ ಹಾಗೆ ಎಲ್ಲರೂ ಪಿಸುಗುಟ್ಟುತ್ತಿದ್ದರು. ಹುಳಕ್ಕೆ ಇಷ್ಟು ಮರ್ಯಾದೆ ಮಾಡುವ ಅತ್ತೆ, ಅಟ್ಟಣೆಯ ಕಾಲಿಗೆ ನೀರಿನ ಬಟ್ಟಲಿಟ್ಟು ಇರುವೆಗಳನ್ನು ಮುಳುಗಿಸುತ್ತಿದ್ದರು. ಹಲ್ಲಿ ಹುಳ ತಿನ್ನುತ್ತದೆಂದು ಕೋಲು ಹಿಡಿದು ಓಡಿಸುತ್ತಿದ್ದರು, ಆದರೆ ಹೊಡೆದರೆ ಪಾಪ ಎಂದು ಹೊಡೆಯುತ್ತಿರಲಿಲ್ಲ. ಕೊನೆಗೆ ಇಷ್ಟೆಲ್ಲ ಸಾಕಿದ ಹುಳವನ್ನು ಗೂಡಿನೊಳಗೆ ಇರುವಾಗಲೇ ನೂಲು ಬಿಚ್ಚುವವರಿಗೆ ಕೊಡುವುದು. ಅವರು ಅದನ್ನು ಬಿಸಿನೀರಿಗೆ ಹಾಕುವುದು. ಯುದ್ಧದ ಕಾಲ ಅದು. ನಮ್ಮ ನೂಲಿನಿಂದ ಸಿಪಾಯಿಗಳು ಆಕಾಶದಿಂದ ಇಳಿಯುವ ಕೊಡೆ ಮಾಡುತ್ತಾರೆ ಎಂದು ಜನ ಹೇಳುತ್ತಿದ್ದರು. ಜೇಡ ನೂಲಿದ್ದನ್ನು ಪೊರಕೆಯಿಂದ ಬಳಿಯುತ್ತೇವೆ, ಈ ಹುಳ ನೂಲಿದ್ದಕ್ಕೆ ಆಕಾಶ. ಯಾವುದನ್ನು ಮುದ್ದು ಮಾಡಬೇಕು, ಯಾವುದನ್ನು ಕೊಲ್ಲಬೇಕು, ಯಾವುದಕ್ಕೆ ಹೆದರಬೇಕು ಎಂದು ನನಗೆ ಲೆಕ್ಕ ಸಿಗುತ್ತಲೇ ಇರಲಿಲ್ಲ.

ಜೇಡಗಳೂ ಆ ಮನೆಯಲ್ಲಿ ಬೇಕಾದಷ್ಟಿದ್ದವು. ಹುಳ ಇರುವಾಗ ಗೋಡೆ ಗುಡಿಸಿ ದೂಳು ಎಬ್ಬಿಸುವಂತಿರಲಿಲ್ಲ. ತೊಲೆಯ ಸಂದಿನಲ್ಲಿ ದೊಡ್ಡದೊಂದು ಇತ್ತು. ಅದರ ಕೆಳಗೆ ಕೂರಲಾರದೆ ನಾನು ಕಂಬಕ್ಕೆ ಅಂಟಿಕೊಂಡು ನಿಂತದ್ದನ್ನು ನಿಮ್ಮ ತಾತ ಕಂಡರು. ಏಣಿ ಹಾಕಿ ಹತ್ತಿ, ಅದನ್ನು ಬರಿಗೈಯಲ್ಲಿ ಮುಚ್ಚಿ ಹಿಡಿದು, ತೋಟದಲ್ಲಿ ಬಿಟ್ಟು ಬಂದರು. ಮಾರನೆಯ ದಿನ ಅದೇ ಜಾಗದಲ್ಲಿ ಇನ್ನೊಂದು ಕೂತಿತ್ತು. ಅದೇ ವಾಪಸ್ಸು ಬಂತೋ ಏನೋ. ಅವರು ಮತ್ತೆ ಏಣಿ ತಂದರು.

ಅತ್ತೆ ಮಾತ್ರ ಸುಮ್ಮನಿರಲಿಲ್ಲ. ತಟ್ಟೆಗೆ ಸೊಪ್ಪು ಹಾಕು ಅಂದಾಗ ನಾನು ದೂರದಿಂದ ಎಸೆಯುತ್ತಿದ್ದೆ.

"ಏನಮ್ಮಿ, ಕೋಳಿಗೆ ಕಾಳು ಎಸ್ದಂಗೆ ಎಸೀತೀಯ? ನಡುಗೋ ಕೈಲಿ ಹಾಕಿದ್ನ ಅವು ತಿನ್ನಾಕಿಲ್ಲ. ಬಡಕಲಾಯ್ತವೆ."

ನಾನು ಇನ್ನೊಂದು ಹಿಡಿ ಸೊಪ್ಪು ಎತ್ತಿಕೊಂಡೆ.

"ನಾಳೆ ಪಾರ್ವತಿ ಅವಳ ಗಂಡನ ಮನೆಗೆ ಹೋಯ್ತಾಳೆ. ಆಮೇಲೆ ಈ ಮನೇಲಿ ಯಾರ ಕೈ ಅದೆ? ಈ ಬೆಳೆ ಆಗ್ಲಿ, ನೋಡಾನ. ನಿನ್ ಕೈಲಿ ಆಗ್ದಿದ್ರೆ ನಿಮ್ಮಪ್ಪನ್ನ ಕರೆಸಿ ಜೊತೇಲಿ ಕಳಿಸ್ಬುಡ್ತೀನಿ. ಬೇಜಾರು ಮಾಡ್ಕಬ್ಯಾಡ."

ಬೈದಿದ್ದರೆ ಅಳಬಹುದಿತ್ತು. ಅವರು ಸೊಪ್ಪು ಕತ್ತರಿಸುತ್ತಾ ಸಮಾಧಾನವಾಗಿ ಹೇಳಿದರು. ಗಂಡನ ಮನೆಯಿಂದ ವಾಪಸ್ಸು ಕಳಿಸಿದ ಹೆಣ್ಣೆಂದರೆ ಆ ಕಾಲದಲ್ಲಿ ಏನೆಂದು ನಾನು ಬಿಡಿಸಿ ಬರೆಯಬೇಕಿಲ್ಲ. ನನ್ನ ಅಪ್ಪ ಊರಲ್ಲಿ ತಲೆಯೆತ್ತಿ ನಡೆಯುವಂತಿರಲಿಲ್ಲ. ಆದರೂ, ನಿಜ ಹೇಳುತ್ತೇನೆ, ಒಂದೊಂದು ಹೊತ್ತು ಕಳಿಸಿಬಿಡಲಿ ಅನ್ನಿಸುತ್ತಿತ್ತು. ಅಷ್ಟರಲ್ಲಿ ನಿಮ್ಮ ತಾತ ಏಣಿ ಹೊತ್ತುಕೊಂಡು ಹೋಗುವುದು ಕಾಣುತ್ತಿತ್ತು. ಆಗ ಬೇಡ, ಕಳಿಸದಿರಲಿ ಅನ್ನಿಸುತ್ತಿತ್ತು.

ಮುಟ್ಟಲಾಗದಿದ್ದರೂ ನಾನು ಹುಳಗಳನ್ನು ನೋಡುತ್ತಲೇ ಇದ್ದೆ. ಹೆದರಿದವರ ಕಣ್ಣು ಹೆದರಿಸಿದ್ದನ್ನು ಬಿಟ್ಟು ಕದಲುವುದಿಲ್ಲ. ಯಾವುದು ಎಲ್ಲಿ ಹರಿಯಿತು, ಯಾವುದು ತಟ್ಟೆಯ ಅಂಚಿಗೆ ಬಂತು, ಯಾವುದು ತಿನ್ನದೆ ಮಲಗಿತು, ಎಲ್ಲವೂ ನನಗೆ ಗೊತ್ತಿರುತ್ತಿತ್ತು.

ಆ ದಿನಗಳಲ್ಲಿ ನಮ್ಮ ತವರಿನ ಕಡೆಯ ಬೆಳುಗುಪ್ಪದ ಸಾಹುಕಾರರೊಬ್ಬರು ಬೆಲ್ಲ ಕೊಳ್ಳಲು ಹಿಂದೂಪುರಕ್ಕೆ ಬಂದವರು ಅಪ್ಪನ ಪರಿಚಯದಿಂದ ನಮ್ಮ ಮನೆ ಬಾಗಿಲಿಗೂ ಬಂದರು. "ನಾನ್ನಕು ಏಮನಿ ಚೆಪ್ಪಾಲಮ್ಮಾ? ಅಪ್ಪನಿಗೆ ಏನು ಹೇಳ್ಲಿ?" ಎಂದು ಕೇಳಿದರು. ಅತ್ತೆ ಪಕ್ಕದಲ್ಲೇ ಇದ್ದರು. ಮನೆಗೆ ಅನ್ನ ಹಾಕುವ ಹುಳಕ್ಕೆ ನಾನು ಹೆದರುತ್ತೇನೆ ಎಂದು ಹೇಗೆ ಹೇಳಲಿ? "ಇಲ್ಲಿ ಜೇಡ ಜಾಸ್ತಿ ಅಂತ ಹೇಳಿ" ಅಂದೆ. ಅಷ್ಟೇ ಹೇಳಿದ್ದು.

ಹುಳಗಳು ಕೊನೆಯ ಜ್ವರದಿಂದ ಎದ್ದು, ಮನೆಯೊಳಗಿನ ತುಂತುರು ಜಡಿಮಳೆಯಾಗಿದ್ದ ಸಮಯ. ಇನ್ನು ಕೆಲವೇ ದಿನದಲ್ಲಿ ಹಣ್ಣಾಗಿ ಗೂಡು ಕಟ್ಟಬೇಕು. ಆಗ ಅಪ್ಪ ಬಂದರು. ಅನಂತಪುರದವರೆಗೆ ಮೋಟಾರು, ಅಲ್ಲಿಂದ ರೈಲು. ಹೆಗಲ ಮೇಲೆ ಕಡಲೆಕಾಯಿ ಚೀಲ, ಕಂಕುಳಲ್ಲೊಂದು ಬಟ್ಟೆ ಗಂಟು. ಅತ್ತೆ ಬಾಗಿಲಲ್ಲೇ ತಡೆದರು.

"ಬೀಗ್ರೆ, ಬೀಡಿ ಗೀಡಿ ಸೇದಿದ್ರೆ ಒಳಿಕ್ ಬರಬ್ಯಾಡಿ, ಹುಳ ಅವೆ."

"ಅಷ್ಟು ತಿಳಿಯಾಕಿಲ್ವ ತಾಯಿ? ಬೀಡಿ ಕಟ್ಟು ಸ್ಟೇಷನ್ನಾಗೇ ಎಸೆದು ಬಂದೆ" ಎಂದು ಅಪ್ಪ ಹೆಮ್ಮೆಯಿಂದ ಕೈಕಾಲು ತೊಳೆದು ಒಳಗೆ ಬಂದರು.

ಮಧ್ಯಾಹ್ನ ಅತ್ತೆ, ನಿಮ್ಮ ತಾತ ಇಬ್ಬರೂ ಸೊಪ್ಪು ಕೊಯ್ಯಲು ತೋಟಕ್ಕೆ ಹೋದರು. ಪಾರ್ವತಿ ಬಾವಿಗೆ ಹೋಗಿದ್ದಳು. ನಾನು ಜಗಲಿಯ ಮೇಲೆ ಸೊಪ್ಪು ಕತ್ತರಿಸುತ್ತಿದ್ದೆ. ಅಪ್ಪ ಒಳಗಿನಿಂದ "ಎಲ್ಲಿ ಮಲಗ್ತೀಯಮ್ಮಾ ನೀನು?" ಎಂದು ಕೇಳಿದರು. ನಡುಮನೆ ಅಂದೆ. ಸ್ವಲ್ಪ ಹೊತ್ತಿಗೆ ಒಂದು ವಾಸನೆ ತೇಲಿ ಬಂತು. ನಮ್ಮ ಕಾಯಿ ಮೂಟೆಗಳ ಕೋಣೆಯ ವಾಸನೆ, ಅವ್ವನ ಸೆರಗಿನ ವಾಸನೆ. ಕಲ್ಯಾಣದುರ್ಗ ಎದ್ದು ಬಂದು ಪಕ್ಕದಲ್ಲಿ ಕೂತ ಹಾಗಾಯಿತು. ಆ ಮನೆಗೆ ಬಂದ ಮೇಲೆ ಮೊದಲ ಸಲ ನನ್ನ ಕೈ ನಡುಗದೆ ಸೊಪ್ಪು ಕತ್ತರಿಸಿತು. ಅದು ಯಾವ ವಾಸನೆ ಎಂದು ಎದ್ದು ಹೋಗಿ ನೋಡಬೇಕು ಅನ್ನಿಸಲೇ ಇಲ್ಲ. ತವರಿನ ವಾಸನೆಯನ್ನು ಯಾರು ಪರೀಕ್ಷೆ ಮಾಡುತ್ತಾರೆ?

ನಮ್ಮ ಕಡೆ ಕಾಯಿ, ಕಾಳು ಇಡುವ ಮನೆಗಳಲ್ಲಿ ಹೊಗೆಸೊಪ್ಪಿನ ಕಡ್ಡಿಯನ್ನು ನೀರಲ್ಲಿ ನೆನೆಸಿ, ಬೇವಿನ ಕಡ್ಡಿ ಅದ್ದಿ ಮೂಲೆ ಮೂಲೆಗೆ ಚಿಮುಕಿಸುತ್ತಾರೆ. ಜೇಡ, ತಿಗಣೆ, ಜಿರಳೆ ಎಲ್ಲ ಓಡುತ್ತವೆ. ಮಗಳು ಜೇಡಕ್ಕೆ ಹೆದರುತ್ತಾಳೆಂದು ಅಪ್ಪ ಆ ಗಂಟನ್ನು ಅಷ್ಟು ದೂರದಿಂದ ಹೊತ್ತು ತಂದಿದ್ದರು. ಬೀಡಿಯ ಹೊಗೆ ಆಗದು ಎಂದು ಅವರಿಗೆ ಹೇಳಿದ್ದರು, ನನಗೂ ಅಷ್ಟೇ ಹೇಳಿದ್ದರು. ಹೊಗೆಯಲ್ಲ, ಆ ಸೊಪ್ಪೇ ರೇಷ್ಮೆಗೆ ವಿಷ ಎಂದು ಕಡಲೆಕಾಯಿ ಬೆಳೆಯುವವರಿಗೆ ಹೇಗೆ ತಿಳಿಯಬೇಕು? ರೇಷ್ಮೆ ಸಾಕುವವರಿಗೆ ಅದು ಎಷ್ಟು ತಿಳಿದ ವಿಷಯವೆಂದರೆ, ಬಾಯಿಬಿಟ್ಟು ಹೇಳಬೇಕು ಎಂದೇ ಅವರಿಗೆ ಹೊಳೆದಿರಲಿಲ್ಲ.

ಪಾರ್ವತಿ ನೀರು ತಂದಿಟ್ಟು ತಟ್ಟೆ ಎಳೆದವಳು ಕೂಗಿದಳು. "ಅತ್ತಿಗೇ, ಬಾ ಇಲ್ಲಿ! ಹಣ್ಣಾಗ್ಬುಟ್ಟವೆ! ಇಷ್ಟ್ ಬೇಗ! ತಲೆ ಎತ್ಕಂಡ್ ಆಡ್ತಾ ಅವೆ ನೋಡು!"

ಹಣ್ಣಾದ ಹುಳ ಗೂಡು ಕಟ್ಟಲು ಜಾಗ ಹುಡುಕುತ್ತಾ ತಲೆಯೆತ್ತಿ ಆಡಿಸುತ್ತದೆ, ಅದು ನಿಜ. ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆ ತರಲು ಅವಳು ಹಿತ್ತಲಿಗೆ ಓಡಿದಳು. ನಾನು ಹತ್ತಿರ ಹೋಗಿ ನೋಡಿದೆ. ತಲೆ ಎತ್ತಿದ್ದವು, ಹೌದು. ಆದರೆ ಅದು ಹುಡುಕುವ ತಲೆಯಲ್ಲ. ಅಷ್ಟು ದಿನ ಕಣ್ಣು ಕೀಳದೆ ನೋಡಿದವಳಿಗೆ ಅದು ಗೊತ್ತಾಯಿತು. ಬಾಯಿಂದ ಹಸಿರು ನೀರು ಸುರಿಯುತ್ತಿತ್ತು. ಮೈ ಹಿಂಡಿದ ಹಾಗೆ ಕುಗ್ಗುತ್ತಿತ್ತು. ನಾನು ಈ ಮನೆಗೆ ಬಂದ ದಿನ ಹಿತ್ತಲಲ್ಲಿ ಬಗ್ಗಿ ನಿಂತದ್ದು ನೆನಪಾಯಿತು.

ತಲೆಯೆತ್ತಿದರೆ ಮೂಲೆಯಲ್ಲಿ ಅಪ್ಪ, ಕೈಯಲ್ಲಿ ಚೊಂಬು ಮತ್ತು ಬೇವಿನ ಕಡ್ಡಿ, ಮುಖದ ತುಂಬ ನಗು. "ಇನ್ನ ಒಂದು ಜೇಡಾನೂ ನಿಲ್ಲಾಕಿಲ್ಲ ಕಣಮ್ಮಾ, ನೆಮ್ಮದಿಯಾಗಿ ಮಲಗು" ಅಂದರು.

ಆಗ ಎಲ್ಲವೂ ಒಟ್ಟಿಗೆ ತಿಳಿಯಿತು, ಏನು ಮಾಡಬೇಕೆಂಬುದೊಂದು ಬಿಟ್ಟು. ಕೂಗಿದರೆ ಅಪ್ಪನ ಮಾನ ಹೋಗುತ್ತದೆ, ನಾನೂ ಅವರ ಜೊತೆ ಹೋಗಬೇಕಾಗುತ್ತದೆ. ಸುಮ್ಮನಿದ್ದರೆ ಹುಳ ತಾನಾಗಿ ಸತ್ತಿತು ಎಂದಾಗುತ್ತದೆ, ಹುಳ ಇಲ್ಲದ ಮನೆಯಲ್ಲಿ ನನಗೆ ಭಯವೂ ಇಲ್ಲ. ಇವನ್ನೆಲ್ಲ ಆ ಗಳಿಗೆಯಲ್ಲೇ ಯೋಚಿಸಿದೆನೋ, ಆಮೇಲೆ ಕೂಡಿಸಿಕೊಂಡೆನೋ, ಹೇಳಲಾರೆ. ಬಾಯಿ ಮಾತ್ರ ಕೂಗಿತು. "ಹಣ್ಣಲ್ಲ! ಕಕ್ತಾ ಅವೆ! ಅಪ್ಪಾ, ಹೊರಗೆ ಹೋಗು! ಅದನ್ನ ಎತ್ಕಂಡು ಹೊರಗೆ ಹೋಗು!"

ಆ ಮನೆಯಲ್ಲಿ ನಾನು ದನಿ ಎತ್ತಿದ್ದು ಅದೇ ಮೊದಲು. ಅಪ್ಪನ ಮೇಲೆ ದನಿ ಎತ್ತಿದ್ದು ಹುಟ್ಟಿದ ಮೇಲೇ ಮೊದಲು.

ಪಾರ್ವತಿಯೂ ನಾನೂ ತಟ್ಟೆಗಳನ್ನು ಅಂಗಳದ ನೆರಳಿಗೆ ಎಳೆದು ತಂದೆವು. ನೀರು ಬಿದ್ದ ಸೊಪ್ಪಿನಿಂದ ಹುಳಗಳನ್ನು ಬಿಡಿಸಬೇಕಿತ್ತು. ಪಾರ್ವತಿಯ ಎರಡು ಕೈ ಎಲ್ಲಿ ಸಾಲಬೇಕು? ನಾನು ಕಣ್ಣು ಮುಚ್ಚಿ ಕೈ ಹಾಕಿದೆ. ತಣ್ಣಗೆ, ಮೆತ್ತಗೆ, ಬೆರಳ ಸಂದಿನಲ್ಲಿ ಸಣ್ಣ ಕಾಲುಗಳು ಹಿಡಿದುಕೊಳ್ಳುತ್ತಿದ್ದವು. ಅವು ನನ್ನನ್ನು ಹಿಡಿದುಕೊಂಡವು, ನಾನು ಬಿಡಲಿಲ್ಲ. ಧೈರ್ಯ ಬಂದು ಮಾಡಿದ್ದಲ್ಲ ಪುಟ್ಟೀ. ಮೈಯೆಲ್ಲ ಮುಳ್ಳೆದ್ದಿತ್ತು, ಅಳುತ್ತಲೇ ಇದ್ದೆ. ಅಪ್ಪನಿಗಾಗಿ ಅತ್ತೆನೋ, ಹುಳಕ್ಕಾಗಿಯೋ, ನನ್ನ ಕೈಗಾಗಿಯೋ ಗೊತ್ತಿಲ್ಲ.

ಕೂಗು ಕೇಳಿ ಅತ್ತೆ ತೋಟದಿಂದ ಬಂದರು. ಮೂಗು ಒಮ್ಮೆ ಅರಳಿತು, ಮುಖ ಬೂದಿಯ ಬಣ್ಣಕ್ಕೆ ತಿರುಗಿತು. ಯಾರೂ ಏನೂ ಹೇಳಬೇಕಾಗಲಿಲ್ಲ. ನಿಮ್ಮ ತಾತ ಕಿಟಕಿಗಳನ್ನೆಲ್ಲ ತೆರೆದು, ತೋಟಕ್ಕೆ ಓಡಿ ಹೊಸ ಸೊಪ್ಪಿನ ಹೊರೆ ತಂದರು.

ಅಪ್ಪ ಬೀದಿಯ ಕಲ್ಲಿನ ಮೇಲೆ ಟವಲು ಬಾಯಿಗೆ ಒತ್ತಿಕೊಂಡು ಕೂತಿದ್ದರು. ಅತ್ತೆ ಬಾಗಿಲಿಗೆ ಬಂದಾಗ ಎದ್ದು ನಿಂತರು.

"ತಾಯಿ, ನಿಮ್ಮನೆ ಅನ್ನಕ್ಕೆ ಮಣ್ಣಾಕ್ಬಿಟ್ಟೆ. ನನ್ ಮಗಳ್ನ ಕರ್ಕೊಂಡೋಯ್ತೀನಿ. ಇನ್ನ ಯಾವ ಮುಖ ಇಟ್ಕಂಡು ಇಲ್ಲಿ ಬಿಡ್ಲಿ?"

"ಕರ್ಕೊಂಡೋಗಿ" ಅಂದರು ಅತ್ತೆ.

ನನ್ನ ಎರಡೂ ಕೈಯಲ್ಲಿ ಹುಳಗಳಿದ್ದವು. ಹಾಗೇ ನಿಂತೆ. ಅತ್ತೆ ತಿರುಗಿ ನನ್ನನ್ನು ನೋಡಿದರು. ಮುಖ ನೋಡಲಿಲ್ಲ, ಕೈ ನೋಡಿದರು.

"ನಿಂತ್ಕಂಡ್ ಏನ್ ನೋಡ್ತೀಯ? ಆ ಹೊಸ ಸೊಪ್ಪಿನ ಮೇಲೆ ಬಿಡು. ಮೆತ್ತಗೆ" ಅಂದರು. ಆಮೇಲೆ ಅಪ್ಪನ ಕಡೆ ತಿರುಗದೆಯೇ ಹೇಳಿದರು, "ಈ ಬೆಳೆ ಆಗ್ಲಿ ಬೀಗ್ರೆ. ಕೈ ಸಾಲಾಕಿಲ್ಲ. ಆಮ್ಯಾಲೆ ಮಾತಾಡಾನ."

ಅಪ್ಪ ಅಂಗಳಕ್ಕೂ ಬರದೆ, ಊಟವನ್ನೂ ಮಾಡದೆ ಸಂಜೆ ರೈಲಿಗೆ ಹೋದರು.

ಅರ್ಧದಷ್ಟು ಹುಳ ಸತ್ತವು. ತೋಟದಲ್ಲಿ ಗುಂಡಿ ತೋಡಿ ಮುಚ್ಚಿದೆವು. ಉಳಿದ ಅರ್ಧ ಎರಡು ದಿನ ತಿನ್ನದೆ ಮಲಗಿ, ಆಮೇಲೆ ಮೆಲ್ಲಗೆ ತುಂತುರು ಶುರು ಮಾಡಿದವು. ಆ ಸದ್ದು ಮತ್ತೆ ಕೇಳಿದಾಗ ಅತ್ತೆ ಗೋಡೆಗೊರಗಿ ಕೂತು ಕಣ್ಣು ಮುಚ್ಚಿದರು. ಹುಳ ಹಣ್ಣಾದ ದಿನ ನಾನೂ ಎಲ್ಲರ ಜೊತೆ ಅವನ್ನು ಆರಿಸಿ ಚಂದ್ರಿಕೆಗೆ ಬಿಟ್ಟೆ. ತೆಳ್ಳನೆಯ ಗೂಡುಗಳಾದವು. ಗೂಡು ಬಿಡಿಸಿ, ನೂಲು ಬಿಚ್ಚುವವರು ಬಂದು ಒಯ್ದು, ಮನೆ ಗುಡಿಸಿ ಸುಣ್ಣ ಬಳಿದಾಯಿತು. ಬೆಳೆ ಆಯಿತು. ಇನ್ನು ಅತ್ತೆ ಮಾತಾಡುತ್ತಾರೆ ಎಂದು ಕಾದೆ. ಅವರು ಮೈಸೂರು ಸೀಮೆಯಿಂದ ಹೊಸ ಮೊಟ್ಟೆ ತರಿಸಿದರು. ಮಾತು ಬರಲಿಲ್ಲ. ಅವರು ಮರೆತರೋ, ಕ್ಷಮಿಸಿದರೋ, ಮುಂದಿನ ಬೆಳೆಗೂ ಕೈ ಬೇಕು ಅಂದುಕೊಂಡರೋ ನನಗೆ ತಿಳಿಯಲಿಲ್ಲ. ಕೇಳುವ ಬಾಯಿ ನನಗಿರಲಿಲ್ಲ.

ಭಯವೂ ಹೋಗಲಿಲ್ಲ. ಅಷ್ಟು ವರ್ಷ ಹುಳ ಸಾಕಿದರೂ ಪ್ರತಿ ಸಲ ಮೊದಲು ಕೈ ಹಾಕುವಾಗ ಉಸಿರು ಹಿಡಿಯುತ್ತಿದ್ದೆ. ಜೇಡದ ಕೆಲಸವೆಲ್ಲ ಕೊನೆಯವರೆಗೂ ನಿಮ್ಮ ತಾತನದೇ ಆಗಿತ್ತು. ಈಗ ಆ ಅಂಗೈ ಇಲ್ಲ. ಬಚ್ಚಲಿನ ಜೇಡ ಅಲ್ಲೇ ಇದೆ ಪುಟ್ಟೀ. ನಾನು ಅದಕ್ಕೆ ಬೆನ್ನು ಮಾಡದೆ ಸ್ನಾನ ಮಾಡುತ್ತೇನೆ.

ಆ ವರ್ಷ ದೀಪಾವಳಿಗೆ ನನ್ನನ್ನು ಕರೆದೊಯ್ಯಲು ಅಪ್ಪ ಬಂದರು. ಮದುವೆಯಾದ ಮೇಲಿನ ಮೊದಲ ದೀಪಾವಳಿ, ತವರಿಗೆ ಹೋಗಲೇಬೇಕು. ಕೆರೆಯಲ್ಲಿ ಸೀಗೆಪುಡಿ ಹಾಕಿ ತಿಕ್ಕಿ ಸ್ನಾನ ಮಾಡಿ, ಒಗೆದ ಪಂಚೆ ಉಟ್ಟು ಬಂದಿದ್ದರು. ಆದರೂ ಜಗಲಿ ಹತ್ತದೆ ಬೀದಿಯಲ್ಲೇ ನಿಂತು ಕೈಬೀಸಿ ಕರೆದರು. ನಾನು ಹೋದೆ. ಅವರು ದನಿ ತಗ್ಗಿಸಿದರು.

"ಹಬ್ಬಕ್ಕೆ ಮಾತ್ರ ಬತ್ತೀಯೋ, ಪೂರ್ತಿ ಬಂದ್ಬಿಡ್ತೀಯೋ? ಊರೋರು ಏನಾರ ಅಂದ್ಕೊಳ್ಳಿ. ನಿಜ ಹೇಳು, ನಾನ್ ಬೈಯಾಕಿಲ್ಲ."

ಹೇಳಬೇಕೆಂದು ಎಷ್ಟೋ ಮಾತು ಕೂಡಿಟ್ಟಿದ್ದೆ. ಅಷ್ಟರಲ್ಲಿ ಒಳಗಿನಿಂದ ಸದ್ದು ಕೇಳಿತು. ಹೊಸ ಹುಳಗಳು ದೊಡ್ಡವಾಗುತ್ತಿದ್ದವು, ತುಂತುರು ಹಿಡಿದಿತ್ತು. ಅದರ ಜೊತೆಗೆ ಅತ್ತೆ ಸೊಪ್ಪು ಕತ್ತರಿಸುವ ಟಕಟಕ ಸದ್ದು. ನನ್ನದಲ್ಲದ ಮಾತೊಂದು ಬಾಯಿಗೆ ಬಂತು, ಸ್ವಲ್ಪ ಜೋರಾಗಿಯೇ ಬಂತು.

"ಈ ಬೆಳೆ ಆಗ್ಲಿ ಅಪ್ಪಾ."

ಒಳಗೆ ಕತ್ತಿಯ ಸದ್ದು ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ಶುರುವಾಯಿತು.